ಫ್ರಿಜ್ಜಿನ ಬಿಸಿ ಬೆನ್ನು

ಹೊಸ ಫ್ರಿಜ್ ಕೊಂಡವರು ಮೊದಲ ವಾರದಲ್ಲೇ ಅಂಗಡಿಗೆ ಫೋನ್ ಮಾಡಿ ಹೇಳುವ ದೂರುಗಳಲ್ಲಿ ಇದೂ ಒಂದು: ‘ಪಕ್ಕದಲ್ಲಿ ಕೈ ಇಟ್ರೆ ಬಿಸಿ ಬಿಸಿ ಇದೆ ಸರ್, ಒಳಗೇನೋ ಸುಡ್ತಿರಬೇಕು.’ ಏನೂ ಸುಡುತ್ತಿರುವುದಿಲ್ಲ. ಫ್ರಿಜ್ ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿದೆ ಎಂಬುದಕ್ಕೆ ಆ ಬಿಸಿಯೇ ಸಾಕ್ಷಿ. ಹಳೆಯ ಫ್ರಿಜ್ಜುಗಳ ಬೆನ್ನಿಗೆ ಕಪ್ಪು ಕಂಬಿಗಳ ಜಾಲರಿಯೊಂದು ಅಂಟಿಕೊಂಡಿರುತ್ತಿತ್ತು. ಅದು ಬಿಸಿಯಾಗಿರುವುದು ಮನೆಮಂದಿಗೆಲ್ಲ ಗೊತ್ತಿತ್ತು, ಅದರ ಮೇಲೆ ಒದ್ದೆ ಬಟ್ಟೆ ಒಣಗಿಸುವವರೂ ಇದ್ದರು. ಈಗಿನ ಬಹುತೇಕ ಮಾದರಿಗಳಲ್ಲಿ ಅದೇ ಕೊಳವೆಯನ್ನು ಪಕ್ಕದ ತಗಡಿನ ಒಳಮೈಗೆ ಅಂಟಿಸಿ ಮುಚ್ಚಿರುತ್ತಾರೆ. ಜಾಲರಿ ಕಣ್ಣಿಗೆ ಬೀಳುವುದಿಲ್ಲ, ಬಿಸಿ ಮಾತ್ರ ಕೈಗೆ ತಾಗುತ್ತದೆ.

ಫ್ರಿಜ್ಜಿನ ಬಗ್ಗೆ ನಮಗಿರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಮೂಲದಿಂದ: ಅದು ತಂಪನ್ನು ಉತ್ಪಾದಿಸುವ ಯಂತ್ರ ಎಂಬ ನಂಬಿಕೆಯಿಂದ. ಅದು ಮಾಡುವುದು ಶಾಖವನ್ನು ಒಳಗಿನಿಂದ ಎತ್ತಿ ಹೊರಗೆ ಹಾಕುವ ಕೆಲಸವನ್ನಷ್ಟೆ. ಈಗಿನ ಹೆಚ್ಚಿನ ಮನೆ ಫ್ರಿಜ್ಜುಗಳ ಕೊಳವೆಯಲ್ಲಿ ಹರಿಯುವುದು ಐಸೊಬ್ಯೂಟೇನ್. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಆರ್ ಆರುನೂರು ಎ’. ಸಾಮಾನ್ಯ ವಾಯುಭಾರದಲ್ಲಿ ಅದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೇ ಕುದಿಯುತ್ತದೆ; ಒತ್ತಡ ಇನ್ನೂ ತಗ್ಗಿಸಿದರೆ ಇನ್ನೂ ಕೆಳಗೆ. ಫ್ರೀಜರಿನ ಗೋಡೆಯೊಳಗೆ ಅದು ಹಾಗೆ ಕುದಿದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕೆಳಗಿರುವ ಕಂಪ್ರೆಸರ್ ಎಳೆದುಕೊಂಡು ಅದುಮುತ್ತದೆ. ಅದುಮಿದ ಆವಿ ಕಾದು, ಪಕ್ಕದ ಅಥವಾ ಹಿಂಬದಿಯ ಕೊಳವೆಯಲ್ಲಿ ಸಾಗುತ್ತ ಶಾಖವನ್ನು ಅಡುಗೆಮನೆಗೆ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ತೀರಾ ಕಿರಿದಾದ ರಂಧ್ರದ ಕ್ಯಾಪಿಲರಿ ಕೊಳವೆ ದಾಟಿದೊಡನೆ ಒತ್ತಡ ಕುಸಿದು ಮತ್ತೆ ಕುದಿಯಲು ತೊಡಗುತ್ತದೆ. ಸುತ್ತು ಹೀಗೆ ನಡೆಯುತ್ತಲೇ ಇರುತ್ತದೆ. ಒಳಗಿನಿಂದ ತೆಗೆದ ಶಾಖ ಮತ್ತು ಕಂಪ್ರೆಸರ್ ನುಂಗಿದ ವಿದ್ಯುತ್ತು ಎರಡೂ ಸೇರಿ ಹೊರಬೀಳುವುದರಿಂದ, ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಕೋಣೆ ತಂಪು ಮಾಡಲು ಹೊರಟರೆ ಕೋಣೆ ಇನ್ನಷ್ಟು ಕಾಯುತ್ತದೆ.

ಇಷ್ಟು ತಿಳಿದರೆ ಫ್ರಿಜ್ಜನ್ನು ಎಲ್ಲಿ ಇಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಹೊರಗೆ ಹಾಕಿದ ಶಾಖಕ್ಕೆ ಹೋಗಲು ದಾರಿ ಬೇಕು. ಮಾಡ್ಯುಲರ್ ಅಡುಗೆಮನೆಯ ಹುಚ್ಚಿನಲ್ಲಿ ಮೂರೂ ಕಡೆ ಪ್ಲೈವುಡ್ ಬಡಿದು, ಸಂದಿಗೆ ಸರಿಯಾಗಿ ಫ್ರಿಜ್ಜನ್ನು ತುರುಕುವುದು ಈಗಿನ ಫ್ಲ್ಯಾಟುಗಳಲ್ಲಿ ಸರ್ವೇಸಾಮಾನ್ಯ. ‘ಹಿಂದೆ ಜಾಲರಿ ಇಲ್ಲವಲ್ಲ, ಗೋಡೆಗೆ ಒತ್ತಿಟ್ಟರೇನು’ ಎನ್ನುವವರಿಗೆ ಪಕ್ಕದ ಸಂದಿಯ ನೆನಪಾಗುವುದಿಲ್ಲ; ಜಾಲರಿ ಬೆನ್ನಿನಿಂದ ಪಕ್ಕೆಗೆ ಬಂದ ಮೇಲೆ ಬಿಡಬೇಕಾದ ಜಾಗವೂ ಪಕ್ಕೆಗೇ ಬಂದಿದೆ. ಎಷ್ಟು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಜೊತೆಗೆ ಬಂದ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತದೆ. ಧೂಳು ಕೂರಬಾರದೆಂದು ಹೊದಿಸುವ ಜೇಬಿನ ಕವರು ತಲೆಯ ಮೇಲಷ್ಟೇ ಇದ್ದರೆ ತೊಂದರೆಯಿಲ್ಲ, ಪಕ್ಕಕ್ಕೆ ಉದ್ದಕ್ಕೆ ಇಳಿಬಿಟ್ಟರೆ ಕಂಬಳಿ ಹೊದಿಸಿದಂತೆ. ಇನ್ನು ಗ್ಯಾಸ್ ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಇಡುವುದರ ಲೆಕ್ಕ ನೋಡಿ. ಒಳಗೆ 5 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದರೆ ಅಂತರ 20. ಹೊರಗಿನ ಗಾಳಿ 32ಕ್ಕೆ ಏರಿದರೆ ಅಂತರ 27. ಗೋಡೆಯ ಮೂಲಕ ಒಳನುಗ್ಗುವ ಶಾಖ ಈ ಅಂತರಕ್ಕೆ ತಕ್ಕಂತೆ ಇರುವುದರಿಂದ ಬರೀ 7 ಡಿಗ್ರಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೆಲಸ ಮೈಮೇಲೆ ಬೀಳುತ್ತದೆ. ಅದನ್ನು ಹೊರಹಾಕಬೇಕಾದ ಗಾಳಿಯೂ ಬಿಸಿಯಾಗಿರುವುದರಿಂದ ಕಂಪ್ರೆಸರ್ ಪ್ರತಿ ಸುತ್ತಿಗೂ ಹೆಚ್ಚು ವಿದ್ಯುತ್ತು ತಿನ್ನುತ್ತದೆ.

ಮನೆ ಬದಲಿಸುವಾಗ ಫ್ರಿಜ್ಜನ್ನು ಮಲಗಿಸಿ ಸಾಗಿಸಿದರೆ ಗ್ಯಾಸ್ ಸೋರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯಿಂದ ಮಲಗಿಸಿದ ಮಾತ್ರಕ್ಕೆ ಗ್ಯಾಸ್ ಎಲ್ಲಿಗೂ ಹೋಗದು. ಜಾಗ ಬಿಟ್ಟು ಹೋಗುವುದು ಕಂಪ್ರೆಸರಿನ ತಳದಲ್ಲಿರುವ ಎಣ್ಣೆ. ಅದು ಕೊಳವೆಗಳಿಗೆ ಹರಿದಿರುವಾಗಲೇ ಸ್ವಿಚ್ ಹಾಕಿದರೆ ಕಂಪ್ರೆಸರ್ ಎಣ್ಣೆಯಿಲ್ಲದೆ ತಿರುಗುತ್ತದೆ. ಹಾಗಾಗಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ಕೆಲವು ಗಂಟೆ ಬಿಡಬೇಕು. ನಿಲ್ಲಿಸಿಯೇ ತಂದಿದ್ದರೆ ಇಡೀ ದಿನ ಕಾಯುವ ಅಗತ್ಯ ಬರುವುದಿಲ್ಲ. ನಿಲ್ಲಿಸುವಾಗ ಮಟ್ಟಗೋಲು ಹಿಡಿದು ತೀರಾ ಸಮತಟ್ಟು ಮಾಡುವುದಕ್ಕಿಂತ ಮುಂದಿನ ಕಾಲುಗಳನ್ನು ತುಸು ಎತ್ತರಿಸುವುದು ಒಳ್ಳೆಯದು, ಬಾಗಿಲು ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ಹಿಡಿಕೆ ಮುಟ್ಟಿದಾಗ ಕೈ ಜುಮ್ಮೆನ್ನುವುದನ್ನು ‘ಹಳೇ ಫ್ರಿಜ್ಜು, ಹಾಗೇ ಇರುತ್ತೆ’ ಎಂದು ಚಪ್ಪಲಿ ಹಾಕಿಕೊಂಡು ತೆರೆಯುವ ಮನೆಗಳಿವೆ. ಆ ಮನೆಗಳಿಗೆ ಅಂದೇ ಎಲೆಕ್ಟ್ರಿಷಿಯನ್ ಬರಬೇಕು.

ಕರೆಂಟು ಹೋಗಿ ತಕ್ಷಣ ಬಂದಾಗ ಹಿಂದಿನಿಂದ ಗುಂಯ್ ಎಂದು ಗುನುಗಿ ‘ಟಿಕ್’ ಎಂದು ನಿಲ್ಲುವ ಸದ್ದನ್ನು ನೀವು ಕೇಳಿರಬಹುದು. ಕಂಪ್ರೆಸರಿನ ಒಂದು ಬದಿಯಲ್ಲಿ ಹೆಚ್ಚು ಒತ್ತಡ, ಇನ್ನೊಂದು ಬದಿಯಲ್ಲಿ ಕಡಿಮೆ. ನಿಂತ ಮೇಲೆ ಆ ಕಿರಿದಾದ ಕ್ಯಾಪಿಲರಿಯ ಮೂಲಕ ಎರಡೂ ಸಮನಾಗಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಕರೆಂಟು ಬಂದರೆ ಮೋಟಾರು ಒತ್ತಡದ ಎದುರು ತಿರುಗಲಾರದೆ ಬಿಸಿಯೇರುತ್ತದೆ, ರಕ್ಷಣೆಗಿರುವ ಪುಟ್ಟ ಸ್ವಿಚ್ ಅದನ್ನು ಕಡಿದು ಹಾಕುತ್ತದೆ. ಸ್ಟೆಬಿಲೈಜರಿನ ಕೆಲಸ ವೋಲ್ಟೇಜ್ ಹಿಡಿದಿಡುವುದಷ್ಟೇ ಎಂದು ತಿಳಿದವರೇ ಹೆಚ್ಚು. ಅದರಲ್ಲಿ ಕೆಲವು ನಿಮಿಷ ತಡೆದು ಕರೆಂಟು ಬಿಡುವ ಏರ್ಪಾಡು ಇದೆಯೇ ಎಂದು ಹಳ್ಳಿಯ ಫೀಡರಿನಲ್ಲಿ ಬದುಕುವವರು ಕೇಳಿ ಕೊಳ್ಳಬೇಕು. ಹೊಸ ಫ್ರಿಜ್ಜುಗಳಲ್ಲಿ ಹಲವು ವಿಶಾಲ ವ್ಯಾಪ್ತಿಯ ವೋಲ್ಟೇಜನ್ನು ತಾವೇ ತಾಳಿಕೊಳ್ಳುತ್ತವೆ; ಆ ವ್ಯಾಪ್ತಿ ಎಷ್ಟೆಂದು ಹಿಂಬದಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ನೋಡಿಯೇ ಸ್ಟೆಬಿಲೈಜರ್ ಬೇಕೋ ಬೇಡವೋ ತೀರ್ಮಾನಿಸಬಹುದು. ‘ಇನ್ವರ್ಟರ್ ಫ್ರಿಜ್’ ಎಂದರೆ ಮನೆಯ ಬ್ಯಾಟರಿ ಇನ್ವರ್ಟರಿಗೆ ಹೊಂದುವಂಥದ್ದು ಎಂಬ ಗೊಂದಲವೂ ದೊಡ್ಡದು. ಬೇಕಾದಷ್ಟೇ ವೇಗದಲ್ಲಿ ತಿರುಗುವ ಕಂಪ್ರೆಸರ್ ಇರುವ ಫ್ರಿಜ್ ಅದು. ಮೆಲ್ಲಗೆ, ಹೆಚ್ಚು ಹೊತ್ತು ಓಡುವುದು ಅದರ ಸ್ವಭಾವ. ‘ನಿಲ್ಲೋದೇ ಇಲ್ಲ’ ಎಂದು ಗಾಬರಿಯಾಗಬೇಕಿಲ್ಲ.

ಕರೆಂಟು ಹೋದಾಗ ಬಾಗಿಲು ತೆರೆಯದೆ ಬಿಟ್ಟರೆ ಒಳಗಿನದು ಸುಮಾರು 4 ಗಂಟೆ ಸುರಕ್ಷಿತ ಎಂದು ಅಮೆರಿಕದ ಕೃಷಿ ಇಲಾಖೆಯ ಅಂದಾಜು. ನಮ್ಮ ಬೇಸಿಗೆಗೆ ಇನ್ನೂ ಕಡಿಮೆ ಎಂದೇ ಹಿಡಿಯೋಣ. ಇದೇ ಕಾರಣಕ್ಕೆ ಬಿಲ್ಲು ಉಳಿಸಲು ರಾತ್ರಿ ಹೊತ್ತು ಫ್ರಿಜ್ ಆರಿಸಿ ಮಲಗುವ ಅಭ್ಯಾಸವನ್ನು ಬಿಡಿಸಬೇಕಾಗಿದೆ. ಒಳಗೆ ಬೇಕಾದಷ್ಟು ತಂಪಾದೊಡನೆ ಕಂಪ್ರೆಸರ್ ತಾನೇ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ಆರಿಸಿದಾಗ ಒಳನುಗ್ಗಿದ ಶಾಖದ ಬಹುಪಾಲನ್ನು ಬೆಳಿಗ್ಗೆ ಹೇಗೂ ಹೊರಹಾಕಲೇಬೇಕು, ಅಷ್ಟರಲ್ಲಿ ಹಾಲು ಅರ್ಧ ದಾರಿ ಕೆಟ್ಟಿರುತ್ತದೆ.

ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳೆಂದು ತಿಳಿದು, ಹೆಚ್ಚು ತಂಪು ಬೇಕಾದಾಗ 1ಕ್ಕೆ ತಿರುಗಿಸುವವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ನಮಗೆ ಬೇಕಿರುವುದು ಕೆಳಗಿನ ಭಾಗದಲ್ಲಿ 5 ಡಿಗ್ರಿ ಅಥವಾ ಅದಕ್ಕೂ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18. ಗುಂಡಿಯನ್ನು ನಂಬುವ ಬದಲು ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಅಗ್ಗದ ಥರ್ಮಾಮೀಟರ್ ಮುಳುಗಿಸಿ, ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿಕೊಂಡರೆ ನಿಜಸ್ಥಿತಿ ತಿಳಿಯುತ್ತದೆ. ಅದೇ ಲೋಟವನ್ನು ಬಾಗಿಲಿನ ತಟ್ಟೆಗೆ ಬದಲಿಸಿ ನೋಡಿ. ಹೆಚ್ಚಿನ ಫ್ರಿಜ್ಜುಗಳಲ್ಲಿ ಬಾಗಿಲೇ ಎಲ್ಲಕ್ಕಿಂತ ಬಿಸಿ ಜಾಗ, ನಾವು ಹಾಲು ಇಡುವುದೂ ಅಲ್ಲೇ.

ಈಗ ಎಲ್ಲ ಮನೆಗಳ ಚರ್ಚೆಗೆ ಬರೋಣ: ಬಿಸಿ ಸಾಂಬಾರು ಫ್ರಿಜ್ಜಿಗೆ ಇಡಬಹುದೇ? ಇಡಬಾರದು, ಕಂಪ್ರೆಸರ್ ಹಾಳಾಗುತ್ತದೆ, ಬಿಲ್ಲು ಏರುತ್ತದೆ ಎನ್ನುವುದು ಹಿರಿಯರ ಮಾತು. ಪೂರ್ತಿ ಆರಿದ ಮೇಲೆಯೇ ಇಡಬೇಕೆಂದು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದು ಅದರ ಮುಂದಿನ ಹೆಜ್ಜೆ. ಲೆಕ್ಕ ಹಾಕೋಣ. ಎರಡು ಲೀಟರ್ ಸಾಂಬಾರನ್ನು ಬಹುಪಾಲು ನೀರೆಂದೇ ಹಿಡಿದರೆ, 90 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 710 ಕಿಲೋಜೂಲ್ ಶಾಖ ತೆಗೆಯಬೇಕು. ಸಾಧಾರಣ ಫ್ರಿಜ್ ಒಂದು ಪಾಲು ವಿದ್ಯುತ್ತಿಗೆ ಒಂದೂವರೆ ಪಾಲು ಶಾಖ ಎತ್ತುತ್ತದೆ ಎಂದುಕೊಂಡರೂ ಇದಕ್ಕೆ ತಗಲುವುದು ಯೂನಿಟ್ಟಿನ ಏಳನೇ ಒಂದು ಭಾಗದಷ್ಟು. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ಒಂದು ರೂಪಾಯಿ ದಾಟದು. ಬಿಲ್ಲಿನ ಭಯಕ್ಕೆ ಇಲ್ಲಿ ಬುಡವೇ ಇಲ್ಲ.

ತೊಂದರೆ ಇರುವುದು ಸಮಯದಲ್ಲಿ. ಸಣ್ಣ ಫ್ರಿಜ್ಜು ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಹಾಕಬಲ್ಲದು ಎನ್ನಿ; 710 ಕಿಲೋಜೂಲ್ ಖಾಲಿ ಮಾಡಲು ಅದಕ್ಕೆ ಎರಡು ಗಂಟೆ ಬೇಕು. ಆ ಎರಡು ಗಂಟೆ ಸಾಂಬಾರಿನ ಪಕ್ಕದ ಹಾಲು, ಮೊಸರು, ನೆನ್ನೆಯ ಪಲ್ಯ ಎಲ್ಲವೂ ಬೆಚ್ಚಗಾಗುತ್ತವೆ. ಇತ್ತ ಹೊರಗೇ ಬಿಟ್ಟ ಪಾತ್ರೆಯ ಕಥೆ ಇನ್ನೂ ಕೆಟ್ಟದ್ದು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ, ಅನುಕೂಲವಿದ್ದಲ್ಲಿ 20 ನಿಮಿಷಕ್ಕೊಮ್ಮೆ ಅವು ಇಮ್ಮಡಿಯಾಗುತ್ತವೆ. ಅನ್ನದ ವಿಷಯದಲ್ಲಿ ನಾನು ವಿಶೇಷವಾಗಿ ಎಚ್ಚರಿಸಬಯಸುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುವುದು ಸಾಮಾನ್ಯ. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆತು ಬೆಳೆಯುವಾಗ ಕೆಲವು ತಳಿಗಳು ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಆ ವಿಷ ಒಗ್ಗರಣೆಯ ಬಿಸಿಗೆ ಜಗ್ಗುವುದಿಲ್ಲ. ರಾತ್ರಿಯ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವಾಗ ‘ಬಾಣಲೆಯಲ್ಲಿ ಚೆನ್ನಾಗಿ ಹುರಿದಿದ್ದೇನಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲದಿರುವುದು ಇದಕ್ಕೇ.

ದಾರಿ ಎರಡರ ನಡುವೆ ಇದೆ. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಎರಡು ಮೂರು ಡಬ್ಬಿಗಳಿಗೆ ಹಂಚಿ. ಅವಸರವಿದ್ದರೆ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಕೈಯಾಡಿಸಿ. ಆವಿ ಏಳುವುದು ನಿಂತು ಕೈಗೆ ಬೆಚ್ಚಗೆನಿಸಿದಾಗ ಒಳಗಿಡಿ. ಅಡುಗೆ ಇಳಿಸಿದ ಎರಡು ಗಂಟೆಯೊಳಗೆ ಒಳಸೇರಬೇಕು ಎನ್ನುವುದು ಆಹಾರ ಸುರಕ್ಷತೆಯವರ ನಿಯಮ. ಕೋಣೆಯ ಉಷ್ಣತೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ರಾಯಚೂರು, ಕಲಬುರಗಿಯ ಏಪ್ರಿಲ್ಲಿಗೆ ಒಂದು ಗಂಟೆಯದೇ ಲೆಕ್ಕ.

ಬಾಗಿಲು ಪದೇ ಪದೇ ತೆರೆಯುವ ಮಕ್ಕಳಿಗೆ ಎಲ್ಲ ಮನೆಯಲ್ಲೂ ಬೈಗುಳ. ಅದರಲ್ಲಿ ಎಷ್ಟು ನ್ಯಾಯವಿದೆ? 200 ಲೀಟರಿನ ಫ್ರಿಜ್ಜಿನ ಅಷ್ಟೂ ಗಾಳಿ ಒಮ್ಮೆ ಬದಲಾಯಿತು ಎಂದುಕೊಳ್ಳಿ. ಜುಲೈ ತಿಂಗಳ ಮಂಗಳೂರಿನಲ್ಲಿ, 28 ಡಿಗ್ರಿಯ, ನೂರಕ್ಕೆ 90ರಷ್ಟು ತೇವದ ಗಾಳಿ ಒಂದು ಘನ ಮೀಟರಿಗೆ ಸುಮಾರು 24 ಗ್ರಾಂ ನೀರಾವಿ ಹೊತ್ತಿರುತ್ತದೆ. 5 ಡಿಗ್ರಿಯ ಗಾಳಿ ಹಿಡಿದುಕೊಳ್ಳಬಲ್ಲದ್ದು 7 ಗ್ರಾಮಿಗಿಂತ ಕಡಿಮೆ. ಮಿಕ್ಕಿದ್ದು ಒಳಗೇ ಇಳಿಯಬೇಕು: ಒಂದು ಸಲಕ್ಕೆ ಸುಮಾರು ಮೂರೂವರೆ ಗ್ರಾಂ. ಆ ಗಾಳಿಯನ್ನು ತಣಿಸಲು ತೆಗೆಯಬೇಕಾದ ಶಾಖ ಸುಮಾರು 5 ಕಿಲೋಜೂಲ್, ಅದರೊಳಗಿನ ಆವಿಯನ್ನು ಮಂಜು ಮಾಡಲು 10. ಅಂದರೆ ಗಾಳಿಗಿಂತ ಅದು ಹೊತ್ತು ತಂದ ನೀರೇ ಇಮ್ಮಡಿ ಹೊರೆ. ಎರಡೂ ಸೇರಿ 15 ಕಿಲೋಜೂಲ್. ಮೇಲಿನ ಬಿಸಿ ಸಾಂಬಾರಿನ ಒಂದು ಪಾತ್ರೆಗೆ ಸಮನಾಗಲು ಮಕ್ಕಳು ಸುಮಾರು 47 ಸಲ ಬಾಗಿಲು ತೆರೆಯಬೇಕು! ವಿದ್ಯುತ್ತಿನ ಲೆಕ್ಕದಲ್ಲಿ ಮಕ್ಕಳು ನಿರಪರಾಧಿಗಳೇ ಸರಿ. ಆದರೆ ನೀರಿನ ಲೆಕ್ಕ ಬೇರೆ. ದಿನಕ್ಕೆ 20 ಸಲ, ಪ್ರತಿ ಸಲ ಅರ್ಧ ಗಾಳಿ ಮಾತ್ರ ಬದಲಾದರೂ ತಿಂಗಳಿಗೆ ಒಂದು ಲೀಟರಿನಷ್ಟು ನೀರು ಗಾಳಿಯಿಂದ ಒಳಸೇರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿಯ ಒಣಗಾಳಿಯಲ್ಲಿ, ಇದಕ್ಕಿಂತ ಬಹಳ ಕಡಿಮೆ. ಬಿಸಿಲ ನಾಡಿಗಿಂತ ಕರಾವಳಿಯ ಫ್ರೀಜರಿನಲ್ಲಿ ಮಂಜು ದಪ್ಪಗೆ ಕೂರುವ ಗುಟ್ಟು ಇದು.

ಬಾಗಿಲು ಮುಚ್ಚಿ ತಕ್ಷಣ ಮತ್ತೆ ಎಳೆದರೆ ಬಿಗಿಯಾಗಿ ಹಿಡಿದುಕೊಳ್ಳುವುದೂ ಈ ಗಾಳಿಯ ಕೆಲಸವೇ. ಒಳಹೊಕ್ಕ ಬೆಚ್ಚನೆಯ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ತಗ್ಗಿ ಹೊರಗಿನ ವಾಯುಭಾರ ಬಾಗಿಲನ್ನು ಒತ್ತುತ್ತದೆ. ಒಂದೆರಡು ನಿಮಿಷದಲ್ಲಿ ಸಡಿಲವಾಗುತ್ತದೆ. ಇದು ದೋಷವಲ್ಲ, ಬಾಗಿಲಿನ ರಬ್ಬರ್ ಗಟ್ಟಿಮುಟ್ಟಾಗಿದೆ ಎಂಬುದರ ಸೂಚನೆ. ರಬ್ಬರಿನ ಮೇಲೆ ಅನುಮಾನವಿದ್ದರೆ ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ, ಸಲೀಸಾಗಿ ಜಾರಿ ಬಂದ ಕಡೆ ಗಾಳಿಗೂ ದಾರಿಯಿದೆ.

ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರಿನಲ್ಲಿ ಮಂಜು ಕಟ್ಟಿದಷ್ಟೂ ತಂಪು ಜಾಸ್ತಿ ಎಂಬ ಭಾವನೆ ಬೇರೂರಿದೆ. ಶಾಖ ದಾಟಿಸುವುದರಲ್ಲಿ ಮಂಜುಗಡ್ಡೆ ಅಲ್ಯೂಮಿನಿಯಮ್ಮಿನ ನೂರನೇ ಒಂದು ಭಾಗಕ್ಕೂ ಸಾಲದು. ಗಾಳಿ ತುಂಬಿಕೊಂಡ ಪುಡಿಮಂಜು ಅದಕ್ಕಿಂತ ಕಡೆ. ಬೆರಳು ದಪ್ಪ ಮಂಜು ಕೂತ ಫ್ರೀಜರಿನಲ್ಲಿ ಕಂಪ್ರೆಸರ್ ಎಡೆಬಿಡದೆ ಓಡುತ್ತದೆ, ಕೆಳಗಿನ ತಟ್ಟೆಯ ಹಾಲು ಮಾತ್ರ ತಣ್ಣಗಾಗುವುದಿಲ್ಲ. ಆಗ ಡಿಫ್ರಾಸ್ಟ್ ಗುಂಡಿ ಒತ್ತಿ, ಬಾಗಿಲು ಮುಚ್ಚಿ ಕಾಯುವಷ್ಟು ತಾಳ್ಮೆ ಬೇಕು. ನಡೆಯುವುದು ಬೇರೆಯೇ. ಬೆಳಿಗ್ಗೆ ಆರಕ್ಕೆ ಕಾಫಿಗೆ ಹಾಲು ಬೇಕು, ಪ್ಯಾಕೆಟ್ಟು ಫ್ರೀಜರಿನ ನೆಲಕ್ಕೆ ಮಂಜಿನಲ್ಲಿ ಹೂತು ಕೂತಿದೆ. ಎಳೆದರೆ ಪ್ಲಾಸ್ಟಿಕ್ ಹರಿಯುತ್ತದೆ. ಈರುಳ್ಳಿ ಹೆಚ್ಚುವ ಚಾಕು ಕೈಗೆ ಸಿಗುತ್ತದೆ, ತುದಿಯನ್ನು ಪ್ಯಾಕೆಟ್ಟಿನ ಅಡಿಗೆ ತೂರಿಸಿ ಮೀಟುತ್ತಾರೆ. ಎರಡು ಮೂರು ಸಲ ಮಂಜು ಸಿಡಿಯುತ್ತದೆ. ನಾಲ್ಕನೆಯ ಸಲಕ್ಕೆ ‘ಸುಯ್’ ಎಂದು ಸಣ್ಣ ಸದ್ದು. ತೆಳು ಅಲ್ಯೂಮಿನಿಯಂ ಹಾಳೆಯೊಳಗಿನ ಗ್ಯಾಸಿನ ದಾರಿ ತೂತಾಗಿದೆ.

ಐಸೊಬ್ಯೂಟೇನ್ ಫ್ರಿಜ್ಜಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರಿನ ಕೊಳವೆಯ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ತೂತಿನ ಮೂಲಕ ಗ್ಯಾಸ್ ಹೊರಬರುವುದಕ್ಕಿಂತ ಅಡುಗೆಮನೆಯ ಗಾಳಿ, ಅದರ ತೇವ ಸಮೇತ, ಒಳಕ್ಕೆ ನುಗ್ಗುತ್ತದೆ. ಆ ತೇವ ಕ್ಯಾಪಿಲರಿಯ ಬಾಯಲ್ಲಿ ಮಂಜಾಗಿ ದಾರಿಯನ್ನೇ ಮುಚ್ಚಬಲ್ಲದು. ತೂತು ಮುಚ್ಚಿ ಗ್ಯಾಸ್ ಹಾಕಿದರೆ ಸಾಲದು. ಇಡೀ ಕೊಳವೆಯನ್ನು ವ್ಯಾಕ್ಯೂಮ್ ಮಾಡಿ ಒಣಗಿಸಬೇಕು, ತೇವ ಹೀರುವ ಫಿಲ್ಟರ್ ಬದಲಿಸಬೇಕು.

‘ಐದು ವರ್ಷ ಆಯ್ತಲ್ಲಮ್ಮ, ಗ್ಯಾಸ್ ಖಾಲಿಯಾಗಿದೆ, ತುಂಬಿಸ್ಬೇಕು’ ಎಂಬ ಮಾತನ್ನು ಈಗ ತೂಗಿ ನೋಡಬಹುದು. ಅಡುಗೆ ಗ್ಯಾಸ್ ಉರಿದು ಮುಗಿಯುತ್ತದೆ. ಫ್ರಿಜ್ಜಿನ ಗ್ಯಾಸ್ ಕೊಳವೆಯೊಳಗೆ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಾರ್ಖಾನೆಯಲ್ಲಿ ಹಾಕಿದ್ದೇ ಕೊನೆಯವರೆಗೆ ಸುತ್ತುತ್ತಿರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ‘ಎಲ್ಲಿ ಸೋರಿದೆ, ತೋರಿಸಿ’ ಎಂದು ಕೇಳುವುದು ಮನೆಯವರ ಹಕ್ಕು. ಸೋರಿಕೆ ಹುಡುಕದೆ ತುಂಬಿಸಿದ್ದು ಮತ್ತೆ ಸೋರುತ್ತದೆ. ಇನ್ನೊಂದು ಮಾತು: ಸಣ್ಣ ಫ್ರಿಜ್ಜಿಗೆ ಬೇಕಾದ ಐಸೊಬ್ಯೂಟೇನ್ 50 ಗ್ರಾಂ ಆಸುಪಾಸು ಅಷ್ಟೇ. ಕೆಲವು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. ತಕ್ಕಡಿಯಿಲ್ಲದೆ ಕೈಯಂದಾಜಿನಲ್ಲಿ ತುಂಬುವವರಿಂದ ಈ ಕೆಲಸ ಆಗದು. ಜೊತೆಗೆ ಇದು ಅಡುಗೆ ಅನಿಲದ ಹತ್ತಿರದ ನೆಂಟ, ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಕೊಳವೆಯೊಳಗೆ ಅದು ಇರುವಾಗ ಬೆಸುಗೆ ಉರಿ ಹಿಡಿಯುವಂತಿಲ್ಲ.

ಇಷ್ಟು ಅಪಾಯವಿದ್ದರೆ ಇದನ್ನೇ ಏಕೆ ಆರಿಸಿದರು? ಇದಕ್ಕೂ ಮುಂಚೆ ಬಳಕೆಯಲ್ಲಿದ್ದ ಸಿಎಫ್‌ಸಿ ಗ್ಯಾಸುಗಳಿಗೆ ಬೆಂಕಿಯ ಭಯವೂ ಇರಲಿಲ್ಲ, ವಿಷದ ಭಯವೂ ಇರಲಿಲ್ಲ. ಆದರೆ ಅವು ವಾಯುಮಂಡಲದ ಮೇಲ್ಪದರಕ್ಕೆ ಏರಿ ಓಜೋನನ್ನು ಒಡೆಯುತ್ತವೆ ಎಂದು ಮಾರಿಯೊ ಮೊಲೀನಾ ಮತ್ತು ಶೆರ್‌ವುಡ್ ರೋಲ್ಯಾಂಡ್ 1974ರಲ್ಲಿ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳನ್ನು ಹಂತಹಂತವಾಗಿ ಹೊರಹಾಕಿತು, 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ನಂತರ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡನ್ನು ಸಾವಿರ ಪಟ್ಟು ಮೀರಿಸುತ್ತದೆ. ಐಸೊಬ್ಯೂಟೇನ್ ಈ ಎರಡು ಕೆಡುಕನ್ನೂ ಮಾಡುವುದಿಲ್ಲ ಎನ್ನಬಹುದು. ಒಂದು ಲೋಟದ ತೂಕಕ್ಕಿಂತ ಕಡಿಮೆ ಗ್ಯಾಸನ್ನು ಭದ್ರ ಕೊಳವೆಯಲ್ಲಿ ಇಟ್ಟಾಗ ಅದರ ಬೆಂಕಿಯ ಅಪಾಯ ತೀರಾ ಸಣ್ಣದು. ಈ ಬದಲಾವಣೆ ಒಳ್ಳೆಯದಕ್ಕೇ ಆಗಿದೆ ಎಂದು ನಾನು ನಂಬಿದ್ದೇನೆ.

ಇನ್ನು ಗಾಳಿಯಿಂದ ಒಳಸೇರಿದ ಆ ತಿಂಗಳಿಗೊಂದು ಲೀಟರ್ ನೀರು ಎಲ್ಲಿಗೆ ಹೋಗುತ್ತದೆ? ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಸಣ್ಣ ಹೀಟರೊಂದು ಆಗಾಗ ಉರಿದು ಕಾಯಿಲಿನ ಮಂಜನ್ನು ಕರಗಿಸುತ್ತದೆ. ಸಿಂಗಲ್ ಡೋರಿನಲ್ಲಿ ನಾವು ಗುಂಡಿ ಒತ್ತಿದಾಗ ಕರಗುತ್ತದೆ. ಎರಡರಲ್ಲೂ ನೀರು ರಂಧ್ರವೊಂದರ ಮೂಲಕ ಹಿಂಬದಿಗೆ ಇಳಿದು, ಕೆಳಗಿನ ಪ್ಲಾಸ್ಟಿಕ್ ತಟ್ಟೆ ಸೇರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಆ ತಟ್ಟೆ ಬಿಸಿ ಕಂಪ್ರೆಸರಿನ ಮೇಲೆಯೇ ಕೂತಿರುತ್ತದೆ, ನೀರು ತಾನಾಗಿ ಆವಿಯಾಗಿ ಅಡುಗೆಮನೆಗೆ ಮರಳುತ್ತದೆ. ತರಕಾರಿ ಡಬ್ಬಿಯ ಅಡಿ ನೀರು ನಿಂತರೆ ‘ಫ್ರಿಜ್ ಲೀಕ್ ಆಗ್ತಿದೆ’ ಎಂದು ಮೆಕ್ಯಾನಿಕ್ ಕರೆಸುವ ಮುಂಚೆ ಆ ರಂಧ್ರ ನೋಡಿ. ಕೊತ್ತಂಬರಿ ಎಲೆಯೊಂದು, ಕರಿಬೇವಿನ ಕಡ್ಡಿಯೊಂದು ಸಿಕ್ಕಿಕೊಂಡರೆ ಸಾಕು ದಾರಿ ಮುಚ್ಚುತ್ತದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟರೆ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ.

ಹಿಂದಿನ ತಟ್ಟೆ ತಾನೇ ಒಣಗುತ್ತದೆ, ಅದನ್ನು ಮುಟ್ಟಬೇಕಾಗಿಲ್ಲ ಎಂಬುದು ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ. ತೇವದ ಮಳೆಗಾಲದಲ್ಲಿ ಸೇರುವ ನೀರು ಹೆಚ್ಚು, ಆರುವುದು ನಿಧಾನ. ನೆರಳಿನ, ಬೆಚ್ಚನೆಯ, ಯಾರೂ ಕದಲಿಸದ ತಿಳಿನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಲಾರ್ವಾ ಹುಡುಕಲು ಬರುವ ಆಶಾ ಕಾರ್ಯಕರ್ತೆಯರು ತೊಟ್ಟಿ, ಡ್ರಮ್ಮುಗಳ ಜೊತೆ ಫ್ರಿಜ್ಜಿನ ಹಿಂಬದಿಯನ್ನೂ ನೋಡಬೇಕೆನ್ನುವುದು ಇದಕ್ಕೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಪ್ಲಗ್ ಕಿತ್ತು ತಟ್ಟೆಯ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ತಟ್ಟೆಯ ಅಂಚಿಗೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಕಳಚಿ ಬರುವ ತಟ್ಟೆಯಾದರೆ ಅಂಚನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕಳಚಲಾಗದಿದ್ದರೆ ಒರಟು ಬಟ್ಟೆಯಿಂದ ಅಂಚಿನ ಸುತ್ತ ಒತ್ತಿ ಒರೆಸಿ, ಆ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ.